ಜುಮ್ಮಾ ಮುಗಿಯುವ ಮುನ್ನ ಒಂದು ಜಿಂಕೆ

ಸುಂದರನನ್ನು ಮಾಲಿನಂತೆ ತಿರುಗಿಸಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಕುಂದುಗಳೇ. ಎತ್ತರ ಸಾಲದು. ಏಣಿ ಹತ್ತುವಾಗ ಎಡ ಮಂಡಿ ಲಟಕ್ ಎನ್ನುತ್ತದೆ. ಮಾತು ಅಗತ್ಯಕ್ಕಿಂತ ಹೆಚ್ಚು, ಅದೂ ಗಿರಾಕಿ ಬೆಲೆಯ ಬಗ್ಗೆ ಯೋಚಿಸುತ್ತಿರುವ ಹೊತ್ತಿಗೇ. ಆದರೆ ಕೈ ನೋಡಬೇಕು. ಆ ಎರಡು ಕೈಗಳನ್ನು ಬಿಡಿಯಾಗಿ ಮಾರುವಂತಿದ್ದರೆ ಕುವೈತಿನ ವ್ಯಾಪಾರದ ಪೇಟೆಯಾದ ರಾಯ್‌ನ ಯಾವ ಅಂಗಡಿಯವನೂ ತುಟಿ ಪಿಟಕ್ಕೆನ್ನದೆ ಕೊಂಡೊಯ್ಯುತ್ತಿದ್ದ. ಅವುಗಳ ಜೊತೆಗೆ ಉಳಿದ ಸುಂದರನನ್ನೂ ಕಟ್ಟಿಕೊಡುತ್ತಾರೆ ಎಂಬುದೇ ಈ ವ್ಯಾಪಾರದ ತೊಡಕು.

ಕುವೈತಿನಲ್ಲಿ ನೆರಳು ತಾನಾಗಿ ಬೀಳುವುದಿಲ್ಲ. ಯಾರಾದರೂ ಕಂಬ ನೆಟ್ಟು, ಬಟ್ಟೆ ಎಳೆದು ಕಟ್ಟಿ, ಬಿಲ್ಲು ಕೊಡಬೇಕು. ಬಿಲ್ಲು ಕೊಡುವವನು ಅಂಗಡಿಯ ಧಣಿಯಾದ ನಾನು, ಎಳೆದು ಕಟ್ಟುವವನು ಸುಂದರ. ಕಾರು ನಿಲ್ಲಿಸುವ ಜಾಗಕ್ಕೆ, ಶಾಲೆಯ ಅಂಗಳಕ್ಕೆ, ಶುಐಬಾದ ಕಾರ್ಖಾನೆಗಳ ಬಾಗಿಲಿಗೆ ಅವನು ಕಟ್ಟಿದ ಚಪ್ಪರಗಳು ಎಂಥ ಗಾಳಿಗೂ ಬಿಚ್ಚಿಕೊಳ್ಳುವುದಿಲ್ಲ. ಊರು ಸುಳ್ಯದ ಹತ್ತಿರ. ಇಲ್ಲಿಗೆ ಬಂದು ತಲೆಗೂದಲು ಬೆಳ್ಳಗಾಗುವಷ್ಟು ಕಾಲವಾಗಿದೆ.

ಅವನಿಗೆ ಆಗದಿರುವುದು ಒಂದೇ, ಕುಳಿತುಕೊಳ್ಳುವುದು. ಬೇಸಿಗೆಯ ತಿಂಗಳುಗಳಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕೆಲಸ ಮಾಡಬಾರದು ಎಂಬ ಕಾನೂನು ಇಲ್ಲಿದೆ. ಉಳಿದ ಕೆಲಸಗಾರರು ಆ ಹೊತ್ತಿಗೆ ಕಾಯುತ್ತಾರೆ. ಸುಂದರನಿಗೆ ಅದು ಶಿಕ್ಷೆ. ಎ.ಸಿ. ಇರುವ ಗೋದಾಮಿನಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಾನೆ, ಸರಿಯಾಗಿರುವ ಬಟ್ಟೆಯ ಉರುಳೆಗಳನ್ನು ಮತ್ತೆ ಸರಿಮಾಡುತ್ತಾನೆ. "ನಿನ್ನ ಹೆಸರಲ್ಲಿ ಒಂದು ಕುರ್ಚಿ ತಂದದ್ದೇ ದಂಡ" ಎನ್ನುತ್ತಾನೆ ಗೋದಾಮಿನ ಸೈಮನ್. ರಜೆಯ ಶುಕ್ರವಾರವೂ ದೂರದ ಅಬು ಹಲೀಫಾ ಊರಿನ ತನ್ನ ರೂಮಿನಲ್ಲಿ ನಿಲ್ಲಲಾಗದೆ ಬಸ್ಸು ಹಿಡಿದು ಅಂಗಡಿಗೇ ಬಂದುಬಿಡುತ್ತಾನೆ. ಓವರ್‌ಟೈಮ್ ಕೇಳುವುದಿಲ್ಲವಾದ್ದರಿಂದ ನಾವೂ ತಡೆಯುವುದಿಲ್ಲ.

ಜೂನ್ ತಿಂಗಳ ಅಂಥದೊಂದು ಶುಕ್ರವಾರ, ಮಧ್ಯಾಹ್ನದ ಜುಮ್ಮಾ ನಮಾಜಿಗೆ ಸ್ವಲ್ಪ ಮುಂಚೆ, ಒಂದು ಪಿಕಪ್ ಬಂದು ಅಂಗಡಿ ಎದುರಿನ ಚಪ್ಪರದ ಕೆಳಗೆ ನಿಂತಿತು. ಇಳಿದವರು ಮಹಮ್ಮದ್ ಕುಂಞಿ. ವಿಟ್ಲದ ಬ್ಯಾರಿಗಳು, ಅರವತ್ತರ ಹತ್ತಿರದವರು. ಮರಳುಗಾಡಿನ ಅಂಚಿನ ಕಬ್ದ್‌ನಲ್ಲಿ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಅಬು ಫಹದ್ ಸಾಕಿರುವ ಆಡು, ಒಂಟೆ, ಜಿಂಕೆಗಳನ್ನು ನೋಡಿಕೊಳ್ಳುವುದು ಅವರ ಕೆಲಸ.

"ಸುಂದರಣ್ಣ, ಜುಮ್ಮಾಕ್ಕೆ ಹೋಗಿ ಬರ್ತೇನೆ. ಗಾಡಿ ಇಲ್ಲಿರ್ಲಿ. ಹಿಂದೆ ಜಿಂಕೆ ಉಂಟು, ಕಾಲಿಗೆ ಮದ್ದು ಮಾಡಿಸಿ ತಂದದ್ದು. ಮುಟ್ಲಿಕ್ಕೆ ಹೋಗ್ಬೇಡಿ."

"ನಾನೆಂತಕ್ಕೆ ಮುಟ್ಟುದು ಕುಂಞಾಕ?"

"ನಿಮ್ಮ ಕೈ ಸುಮ್ನೆ ಇರ್ತದಾ? ಅದಕ್ಕೇ ಹೇಳಿದ್ದು. ಕಫೀಲ್ ಬಾಟ್ಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು ಇದನ್ನು. ಮಕ್ಕಳನ್ನು ಕರೆಯದಷ್ಟು ಸಲ ಇದನ್ನು ಕರೀತಾರೆ. ಇದಕ್ಕೆ ಏನಾದ್ರೂ ಆದ್ರೆ ನಂದು ಖಲಾಸ್. ಈ ವಯಸ್ಸಿಗೆ ಇನ್ನೊಬ್ಬ ಕಫೀಲ್ ಎಲ್ಲಿ ಸಿಗ್ತಾನೆ ನಂಗೆ?"

ಕುಂಞಿಯವರು ಟೋಪಿ ಸರಿಮಾಡಿಕೊಂಡು ಮಸೀದಿಯ ಕಡೆಗೆ ಹೋದರು.

ಪಿಕಪ್ಪಿನ ಮೇಲ್ಗಡೆ ತೆರೆದ ಕಬ್ಬಿಣದ ಕಟಾಂಜನದ ಮೇಲೆ ಬಿಸಿಲಿಗೆಂದು ಒಂದು ಟಾರ್ಪಾಲು ಹೊದಿಸಿತ್ತು. ಅದನ್ನು ಕಟ್ಟಿದ ರೀತಿ ಹೇಳುವಂತಿರಲಿಲ್ಲ. ಗಂಟಿನ ಮೇಲೆ ಗಂಟು, ಅದರ ಮೇಲೊಂದು ನಂಬಿಕೆಯಿಲ್ಲದ ಗಂಟು. ಒಂದು ಮೂಲೆ ಬಿಸಿಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಸುಂದರ ಒಳಗೆ ಹೋದ, ನೀರು ಕುಡಿದ, ಹೊರಗೆ ಬಂದ. ಮತ್ತೆ ಒಳಗೆ ಹೋಗಿ, ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿಬಂದು ರಟ್ಟಿನ ಮೇಲೆ ನಿದ್ದೆ ಹೊಡೆಯುತ್ತಿದ್ದ ಸೈಮನ್‌ನನ್ನು ನೋಡಿದ. ಪಟಪಟ ಶಬ್ದ ಅಲ್ಲಿಗೂ ಬರುತ್ತಿತ್ತು. ಜಿಂಕೆಯನ್ನು ಮುಟ್ಟಬೇಡಿ ಎಂದಿದ್ದರೇ ಹೊರತು ಹಗ್ಗವನ್ನಲ್ಲ. ಒಂದು ಮೂಲೆ, ಒಂದೇ ಮೂಲೆ ಬಿಚ್ಚಿ ಬಿಗಿಯಾಗಿ ಕಟ್ಟಿದರಾಯಿತು.

ಆ ಒಂದು ಗಂಟೇ ಉಳಿದದ್ದನ್ನೆಲ್ಲ ಹಿಡಿದುಕೊಂಡಿತ್ತು. ಅದು ಬಿಚ್ಚಿದ್ದೇ ಗಾಳಿ ಟಾರ್ಪಾಲನ್ನು ಎತ್ತಿ ಆಚೆ ಎಸೆಯಿತು. ಸುಂದರನ ಭುಜದ ಮೇಲಿಂದ ಏನೋ ಹಾರಿತು. ತಿರುಗಿ ನೋಡುವಷ್ಟರಲ್ಲಿ ಮರಳಿನ ಬಣ್ಣದ ಬೆನ್ನು, ಬಿಳಿಯ ಹಿಂಬದಿ, ಮುಂಗಾಲಿಗೆ ಸುತ್ತಿದ್ದ ನೀಲಿ ಪಟ್ಟಿ, ಇಷ್ಟು ಕಂಡವು. ಜಿಂಕೆ ಟೈರ್ ಅಂಗಡಿಗಳ ಸಾಲು ಹಿಡಿದು ಓಡುತ್ತಿತ್ತು.

ಸುಂದರ ಬೊಬ್ಬೆ ಹಾಕುತ್ತ ಹಿಂದೆ ಓಡಿದ. ಅದು ಅವನಿಗೆ ರಕ್ತದಲ್ಲಿ ಬಂದದ್ದು. ಹುಡುಗನಾಗಿದ್ದಾಗ ಊರಿನ ಬೇಟೆಗೆ ಸೋವು ಎಬ್ಬಿಸಲು ಹೋಗುತ್ತಿದ್ದ. ಅಂದರೆ ಪೊದೆ ಬಡಿದು, ಕೂಗಿ, ಪ್ರಾಣಿಯನ್ನು ಕೋವಿಯವರ ಕಡೆಗೆ ಅಟ್ಟುವ ಕೆಲಸ. ಅದಕ್ಕೆ ಅವನಂಥ ಗಂಟಲು ಹತ್ತೂರಲ್ಲಿ ಇರಲಿಲ್ಲ. ಕೋವಿ ಹಿಡಿದು ಉಸಿರು ಬಿಗಿಹಿಡಿದು ಕೂರುವ ಕೆಲಸವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಜಿಂಕೆ ತಿರುವಿನಲ್ಲಿ ಜಾರಿ ಮೊಣಕಾಲೂರಿತು. ಎದ್ದಾಗ ಬಾಯಿ ತೆರೆದಿತ್ತು. ಅದನ್ನು ಕಂಡು ಸುಂದರ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡ. ಊರಲ್ಲಿ ಒಮ್ಮೆ ಮಧ್ಯಾಹ್ನದ ಬಿಸಿಲಲ್ಲಿ ನಾಯಿ ಅಟ್ಟಿದ ಜಿಂಕೆ, ಗುಂಡು ಹಾರುವ ಮೊದಲೇ ಅಡ್ಡಬಿದ್ದು ಸತ್ತದ್ದನ್ನು ಅವನು ನೋಡಿದ್ದ. ಅಲ್ಲಿಯ ಬಿಸಿಲು ಇಲ್ಲಿಯದರ ಮುಂದೆ ಬೆಳದಿಂಗಳು.

ಓಡಿಬಂದು ಸೈಮನ್‌ನನ್ನು ಎಬ್ಬಿಸಿದ. ಊರಲ್ಲಿ ಕ್ರೈಸ್ತರನ್ನು ಕರೆಯುವಂತೆ ಸುಂದರ ಅವನನ್ನು ಪೊರ್ಬು ಎನ್ನುತ್ತಾನೆ.

"ಪೊರ್ಬುಗಳೇ, ಏಳಿ. ಜಿಂಕೆ ಹೋಯ್ತು."

"ಕನಸಲ್ಲಿ ಬಂದದ್ದು ಕನಸಲ್ಲೇ ಹೋಗ್ತದೆ. ಮಲಗು."

"ಕುಂಞಾಕನ ಕಫೀಲಂದು ಮಾರಾಯ್ರೆ. ನಾನೇ ಬಿಟ್ಟದ್ದು."

ಸೈಮನ್ ಎದ್ದು ಕೂತ. "ಹಗ್ಗ ಬಿಚ್ಚಿದ್ಯಾ?"

"ಬಿಚ್ಚಿದೆ."

"ನಿನ್ನ ಕೈಗೆ ಬೇಡಿ ಹಾಕ್ಬೇಕು. ಈಗೆಂತ, ಅಟ್ಟಿಸಿಕೊಂಡು ಹೋಗುದಾ?"

"ಅಟ್ಟಿದ್ರೆ ಸಾಯ್ತದೆ. ನೀವು ದೊಡ್ಡ ರಸ್ತೆಯ ಬಾಯಿಗೆ ಹೋಗಿ ನಿಲ್ಲಿ. ಕೂಗ್ಬೇಡಿ, ಕೈ ಎತ್ಬೇಡಿ. ಕಂಬದ ಹಾಗೆ ನಿಲ್ಲಿ, ಅದು ಆ ಕಡೆ ಬರುದಿಲ್ಲ."

"ಈ ಬಿಸಿಲಿಗೆ ಕಂಬವೇ ನಿಲ್ಲುದಿಲ್ಲ ಮಾರಾಯ" ಎನ್ನುತ್ತ ಸೈಮನ್ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟ.

ಮಸೀದಿಯ ಮೈಕಿನಲ್ಲಿ ಪ್ರವಚನ ಕೇಳುತ್ತಿತ್ತು. ಅದು ಮುಗಿದರೆ ನಮಾಜು, ನಮಾಜು ಮುಗಿದರೆ ಇಡೀ ರಾಯ್ ಒಮ್ಮೆಗೇ ಕಾರು ಸ್ಟಾರ್ಟ್ ಮಾಡುತ್ತದೆ. ಶುಕ್ರವಾರದ ಸಂತೆಗೆ ಬರುವವರು ಬೇರೆ. ಅಲ್ಲಿಯವರೆಗೆ ಬೀದಿ ಖಾಲಿ. ಅಷ್ಟರೊಳಗೆ ಸಿಕ್ಕರೆ ಕುಂಞಿಯವರ ಅನ್ನ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಬಿಸಿಲು ನೆತ್ತಿಯ ಮೇಲಿತ್ತು. ಗೋಡೆಗಳು ತಮ್ಮ ನೆರಳನ್ನು ಕಾಲ ಕೆಳಗೆ ಎಳೆದುಕೊಂಡಿದ್ದವು. ಓಡಿ ದಣಿದ ಪ್ರಾಣಿ ನೆರಳು ಹುಡುಕದೆ ಇರುವುದಿಲ್ಲ, ರಾಯ್‌ನ ನೆರಳೆಂದರೆ ನನ್ನ ಚಪ್ಪರಗಳು ಎಂದು ಸುಂದರ ಜಂಬದಿಂದಲೇ ಹೊರಟ. ಸೋಫಾ ಅಂಗಡಿಯ ಚಪ್ಪರದ ಕೆಳಗೆ ಎರಡು ಬೆಕ್ಕುಗಳಿದ್ದವು. ಟೈಲ್ಸ್ ಅಂಗಡಿಯದರ ಕೆಳಗೆ ಕಾವಲುಗಾರನೊಬ್ಬ ಒಂದು ಕಣ್ಣು ತೆರೆದು, ಮುಚ್ಚಿದ. ಬ್ಯಾಟರಿ ಅಂಗಡಿಯದರ ಕೆಳಗೆ ಏನೂ ಇರಲಿಲ್ಲ. ಅಲ್ಲಿ ನಿಂತಾಗ ತಲೆಯ ಮೇಲೆ ಬಟ್ಟೆ ಗಾಳಿಗೆ ಗುಂಯ್‌ಗುಟ್ಟುವುದು ಕೇಳಿಸಿತು. ಬಿಗಿಯಾಗಿ ಎಳೆದ ಬಟ್ಟೆ ಹಾಗೆ ಹಾಡುತ್ತದೆ, ಅವನಿಗೆ ಅದು ಇಷ್ಟ. ಟಾರ್ಪಾಲಿನ ಶಬ್ದಕ್ಕೆ ಹೆದರಿ ಜಿಗಿದ ಪ್ರಾಣಿಗೆ ಇಷ್ಟವಾದೀತೆ? ಅವನ ಜಂಬ ಅಲ್ಲಿಗೆ ಇಳಿಯಿತು. ಬಟ್ಟೆಯಿಲ್ಲದ, ಸದ್ದಿಲ್ಲದ ನೆರಳು ಬೇಕು.

ಹಿಂದಿನ ಬಯಲಿನಲ್ಲಿ ತಿಂಗಳುಗಟ್ಟಲೆ ಯಾರೂ ಕೇಳದೆ ನಿಂತಿದ್ದ ಒಂದು ಉದ್ದ ಟ್ರೈಲರ್ ಇತ್ತು. ಸುಂದರ ದೂರದಲ್ಲೇ ಬಗ್ಗಿ ನೋಡಿದ. ಚಕ್ರಗಳ ನಡುವಿನ ಕತ್ತಲಲ್ಲಿ ಮರಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಆಮೇಲೆ ಆ ಮರಳಿಗೆ ಒಂದು ಕಿವಿ ಬಂದು ಅಲುಗಿತು. ಕೆಳಗೆ ನೀಲಿ ಪಟ್ಟಿ.

ಅಂಗಡಿಗೆ ಹೋಗಿ ಹಸಿರು ಬಲೆಬಟ್ಟೆಯ ಒಂದು ಉರುಳೆ, ಹಗ್ಗ, ನೀರಿನಲ್ಲಿ ಅದ್ದಿದ ಮೈಯೊರೆಸುವ ಬೈರಾಸು ತಂದ. ಟಕಟಕ ಎನ್ನುವ ಬೂಟುಗಳನ್ನು ದೂರದಲ್ಲೇ ಬಿಚ್ಚಿಟ್ಟ. ಕಾಲ್ಚೀಲದ ಅಡಿಯಲ್ಲಿ ನೆಲ ಕಾವಲಿಯಾಗಿತ್ತು. ಟ್ರೈಲರಿನ ಒಂದು ಮೂಲೆಗೆ ಬಲೆ ಕಟ್ಟಿದ. ಜಿಂಕೆಯ ಕಡೆ ನೋಡಲಿಲ್ಲ. ಸಾಕಿದ ಪ್ರಾಣಿ, ದಿನಾ ಬೇಲಿ ಕಟ್ಟುವ, ಮೇವು ಹಾಕುವ ಆಳುಗಳನ್ನು ಕಂಡದ್ದು. ಕೆಲಸ ಮಾಡುವವನಿಗೆ ಹೆದರುವುದಿಲ್ಲ, ಹಿಡಿಯಲು ಬಂದವನಿಗೆ ಹೆದರುತ್ತದೆ ಎಂದು ಅವನ ಎಣಿಕೆ. ಆ ಹೊತ್ತಿಗೆ ಇನ್ಸ್‌ಪೆಕ್ಟರ್ ಬಂದು ನಿಷೇಧದ ವೇಳೆಯಲ್ಲಿ ನಮ್ಮ ಆಳು ಬಯಲಲ್ಲಿ ಬಲೆ ಕಟ್ಟುವುದನ್ನು ಕಂಡಿದ್ದರೆ, ಅದು ಜಿಂಕೆಬೇಟೆ ಎಂದು ಯಾವ ಭಾಷೆಯಲ್ಲಿ ನಂಬಿಸುವುದಿತ್ತೋ.

ಮೂರು ಬದಿಗೆ ಬಲೆ ಬಂತು. ನಾಲ್ಕನೆಯದಕ್ಕೆ ಸಾಲಲಿಲ್ಲ. ಆ ಬದಿಗೆ ಸುಂದರ ತಾನೇ ಕೂತ.

ಮೈಕಿನ ಪ್ರವಚನ ನಿಂತು ನಮಾಜು ಶುರುವಾಯಿತು. ಜಿಂಕೆಯ ಪಕ್ಕೆ ತಿದಿಯಂತೆ ಏರಿಳಿಯುತ್ತಿತ್ತು. ಅದು ಸ್ವಲ್ಪ ತಣಿಯುವವರೆಗೆ ಕೈಹಾಕುವಂತಿಲ್ಲ. ಸುಂದರನ ಮಂಡಿ ಉರಿಯಿತು. ಬೆರಳುಗಳು ತಾವಾಗಿಯೇ ಹಗ್ಗದ ತುದಿಯನ್ನು ಹುಡುಕಿದವು. ಅವನ್ನು ತೊಡೆಯ ಕೆಳಗೆ ಒತ್ತಿಟ್ಟ. ಬೆವರು ಕಣ್ಣಿಗೆ ಇಳಿಯಿತು, ಒರೆಸಲಿಲ್ಲ. ಎದ್ದು ಒಂದು ಸುತ್ತು ಬರಬೇಕೆಂದು ಮೈಯ ಒಂದೊಂದು ಎಲುಬೂ ಬೇಡಿತು. ನಮಾಜು ಮುಗಿಯಿತು. ಎಲ್ಲೋ ಮೊದಲ ಕಾರಿನ ಬಾಗಿಲು ಬಡಿದುಕೊಂಡಿತು. ಜಿಂಕೆಯ ಎರಡೂ ಕಿವಿ ನಿಮಿರಿದವು. ಸುಂದರ ಅಲುಗಲಿಲ್ಲ. ಎರಡನೆಯ ಬಾಗಿಲು, ಒಂದು ಹಾರ್ನ್. ಅಲುಗುವವನು ಇಲ್ಲಿ ಒಬ್ಬನೂ ಇಲ್ಲವೆಂದು ಕಂಡ ಜಿಂಕೆ ಕಿವಿ ಇಳಿಸಿ, ಕತ್ತನ್ನು ಮರಳಿನ ಮೇಲೆ ಚಾಚಿತು.

ಆಗ ಹೊಟ್ಟೆಯ ಮೇಲೆ ತೆವಳಿಕೊಂಡು ಒಳಗೆ ಹೋದ. ಒದ್ದೆ ಬೈರಾಸು ಕಣ್ಣಿನ ಮೇಲೆ ಬಿತ್ತು, ಇನ್ನೊಂದು ಕೈ ಕಾಲುಗಳನ್ನು ಕೂಡಿಸಿ ಹಿಡಿಯಿತು. ಜಿಂಕೆ ಒಮ್ಮೆ ಝಾಡಿಸಿತು. ಕಣ್ಣು ಕತ್ತಲಾದ ಮೇಲೆ ಸುಮ್ಮನಾಯಿತು. ಎದೆಗವುಚಿಕೊಂಡು ಹೊರಟಾಗ ಅದರ ಎದೆಬಡಿತ ಅವನ ಪಕ್ಕೆಲುಬಿಗೆ ಬಡಿಯುತ್ತಿತ್ತು.

ಕುಂಞಿಯವರು ಯಾರದೋ ಜೊತೆ ಸಲಾಂ, ಕುಶಲವೆಂದು ತಡಮಾಡಿ ಬಂದಾಗ ಜಿಂಕೆ ಪಿಕಪ್ಪಿನಲ್ಲಿತ್ತು. ಟಾರ್ಪಾಲು ಮೇಲಿತ್ತು. ಸೈಮನ್ ಕೆಂಪು ಮೋರೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಅವನು ಆಗಲೇ ಸುಂದರನ ಕಿವಿಯಲ್ಲಿ, "ಸಿಕ್ಕಿತಲ್ಲ, ಬಾಯಿ ಮುಚ್ಕೊಂಡಿರು" ಎಂದಾಗಿತ್ತು.

"ಹಗ್ಗ ಬಿಚ್ಚಿ ಕಟ್ಟಿದ್ರಾ ಸುಂದರಣ್ಣ?" ಕುಂಞಿಯವರು ಟಾರ್ಪಾಲಿನ ಮೇಲೆ ಕೈಯಾಡಿಸಿದರು. "ಚಂದ ಆಗಿದೆ. ನಂಗೆ ಈ ಗಂಟು ಬರುದೇ ಇಲ್ಲ."

ಸೈಮನ್ ಕೆಮ್ಮಿದ. ಕುಂಞಿಯವರು ಹತ್ತಿ ಕೂತು ಕೀಲಿ ತಿರುಗಿಸಿದರು. ಈ ಬಿಸಿಲಲ್ಲಿ, ಓಡಿ ಬೆಂದ ಜಿಂಕೆಯನ್ನು ಹೊತ್ತು ಗಾಡಿ ಕಬ್ದ್‌ವರೆಗೆ ಹೋಗಬೇಕು. ದಾರಿಯಲ್ಲಿ ಅದು ಸತ್ತರೆ ಏಕೆ ಸತ್ತಿತೆಂದು ಕುಂಞಿಯವರಿಗೇ ಗೊತ್ತಿರುವುದಿಲ್ಲ.

ಸುಂದರ ಕಿಟಕಿಯೊಳಗೆ ಕೈಹಾಕಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. "ಕುಂಞಾಕ, ಇಳೀರಿ. ಜಿಂಕೆ ಓಡಿತ್ತು. ನಾನು ಬಿಟ್ಟದ್ದು, ನಾನೇ ಹಿಡಿದದ್ದು. ಈಗ ಗಾಡಿಯಲ್ಲಿ ಕೊಂಡೋದ್ರೆ ಬದುಕುದಿಲ್ಲ."

ಕುಂಞಿಯವರು ಸ್ಟಿಯರಿಂಗ್ ಹಿಡಿದ ಕೈ ಬಿಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದರು, "ಬೈಲಿಕ್ಕೆ ಆಮೇಲೆ ಸಮಯ ಸಿಗ್ತದೆ. ತಂಪು ಜಾಗ ಎಲ್ಲುಂಟು?"

ನನಗೆ ಫೋನ್ ಬಂದದ್ದು ಆಗ. ಬಟ್ಟೆಯ ಗೋದಾಮಿನಲ್ಲಿ ಜಿಂಕೆ ಇಡಬಹುದೇ ಎಂದು ಸೈಮನ್ ಕೇಳಿದ. ಬಿರಿಯಾನಿಯ ಮುಂದೆ ಕೂತವನು ಯಾವುದಕ್ಕೂ ಹೂಂ ಎನ್ನುತ್ತಾನೆಂದು ಅವನಿಗೆ ಗೊತ್ತು. ಕಫೀಲನಿಗೆ ಹೇಳುವುದು ಉಳಿಯಿತು. ಕುಂಞಿಯವರ ಬೆರಳಿಗೆ ನಂಬರೇ ಸಿಗಲಿಲ್ಲ. ಸುಂದರ ಫೋನ್ ಕಿತ್ತುಕೊಂಡು, ಅರಬ್ಬಿ ಹಿಂದಿ ಎರಡನ್ನೂ ಸಮನಾಗಿ ಕೆಡಿಸುತ್ತ, "ಬಾಬಾ, ಕುಂಞಿ ನಮಾಜಿಗೆ ಹೋಗಿದ್ದರು, ಹಗ್ಗ ಬಿಚ್ಚಿದವನು ನಾನು, ಹೆಸರು ಸುಂದರ, ಅಂಗಡಿ ಇಂಥದ್ದು" ಎಂದು ವಿಳಾಸವನ್ನೂ ಕೊಟ್ಟ.

ಅಬು ಫಹದ್ ಬಂದರು. ನೇರವಾಗಿ ಹೋಗಿ ಜಿಂಕೆಯ ಪಕ್ಕದ ಬಟ್ಟೆಯ ಉರುಳೆಯ ಮೇಲೆ ಬಿಳಿ ದಿರಿಸಿನಲ್ಲೇ ಕೂತರು. ಹೊರಗೆ ಬಿಸಿಲು ಹಳದಿಯಾಗುವವರೆಗೆ ಅಲ್ಲೇ ಇದ್ದರು. ಕುಂಞಿಯವರು ಗೋಡೆಗೆ ಒರಗಿ ನಿಂತಿದ್ದರು. ಸುಂದರ ಬಾಗಿಲಿನಿಂದ ಕಪಾಟಿಗೆ, ಕಪಾಟಿನಿಂದ ಬಾಗಿಲಿಗೆ ನಡೆಯುತ್ತಿದ್ದ. ಕೊನೆಗೆ ಜಿಂಕೆ ತಲೆಯೆತ್ತಿ, ಮುಂದಿಟ್ಟ ಪಾತ್ರೆಯಿಂದ ನೀರು ಕುಡಿಯಿತು.

ಅಬು ಫಹದ್ ಎದ್ದು ಕುಂಞಿಯವರ ಭುಜ ಮುಟ್ಟಿದರು. "ನೀನು ನಮಾಜಿನಲ್ಲಿದ್ದೆ. ನಿನ್ನ ತಪ್ಪೇನು?" ಆಮೇಲೆ ಸುಂದರನ ಕಡೆ ತಿರುಗಿದರು. "ನೀನು ಹೇಳದೆ ಇರಬಹುದಿತ್ತು."

ಒಪ್ಪಿಕೊಂಡು ಸುಮ್ಮನಿದ್ದರೆ ಅವನು ಸುಂದರನೇ ಅಲ್ಲ. "ಬಾಬಾ, ಇನ್ನೊಂದೂ ಹೇಳ್ತೇನೆ. ನಿಮ್ಮ ಕೊಟ್ಟಿಗೆಯ ನೆರಳು ಮಧ್ಯಾಹ್ನ ಕಳೆದ ಮೇಲೆ ಬೇಲಿಯ ಹೊರಗೆ ಬೀಳ್ತದಂತೆ, ಕುಂಞಾಕ ಹೇಳಿದ್ದು. ಕಟ್ಟಿದವನು ಬೆಳಿಗ್ಗೆ ಬಂದು ನೋಡಿ ಹೋಗಿರ್ಬೇಕು." ಸೈಮನ್ ಕಣ್ಣು ಮುಚ್ಚಿಕೊಂಡ.

ಅಬು ಫಹದ್, "ಭಾನುವಾರ ಬಾ, ತೋರಿಸು" ಎಂದರು. ಕಬ್ದ್‌ನ ಅವರ ಕೊಟ್ಟಿಗೆಗಳಿಗೆ, ಆಮೇಲೆ ಅವರ ಅಣ್ಣತಮ್ಮಂದಿರ ಕೊಟ್ಟಿಗೆಗಳಿಗೆ ಸುಂದರನೇ ಚಪ್ಪರ ಕಟ್ಟಿದ. ಕುಂಞಿಯವರು ಈಗಲೂ ಅಲ್ಲೇ ಇದ್ದಾರೆ. ಜಿಂಕೆಯೂ ಇದೆ, ಅದರ ಹತ್ತಿರ ಯಾವ ಹಗ್ಗವನ್ನೂ ಮುಟ್ಟಬಾರದೆಂದು ಸುಂದರನಿಗೆ ಆಜ್ಞೆಯಾಗಿದೆ.

ನಾನು ಈ ಊರಿನಲ್ಲಿ ಬಹಳ ಗಿರಾಕಿಗಳನ್ನು ಸಂಪಾದಿಸಿದ್ದೇನೆ, ಚಹಾ ಕುಡಿಸಿ, ಸ್ವಲ್ಪ ಬೆಲೆ ಇಳಿಸಿ, ಸ್ವಲ್ಪ ಮಾತು ಸುತ್ತಿಸಿ. ಅಬು ಫಹದ್ ಮಾತ್ರ ನಮ್ಮ ಮಾತನ್ನು ನಂಬಿ ಬರುತ್ತಾರೆ. ಆ ಒಬ್ಬ ಗಿರಾಕಿಗಾಗಿ ನಾನು ಸುಂದರನಿಗೆ ಋಣಿ.