ಅಜ್ಜನ ನೇಮ ಮತ್ತು ಎರಡು ಲಿನಕ್ಸು

ಕಂಪ್ಯೂಟರಿಗೆ ಕಸೂತಿ ಹಾಕಿದ ಹೊದಿಕೆ ಹೊಲಿಸಿ, ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡು ಬನ್ನಿ ಎಂದು ಮಕ್ಕಳನ್ನು ಗದರುತ್ತಿದ್ದ ಕಾಲ ಅದು. ಶಿರಗುಪ್ಪಿ ಹಾದಿಯಲ್ಲಿರುವ ನಮ್ಮ ಊರಿನಲ್ಲಿ ಕಬ್ಬು ಎಲ್ಲರ ಹೊಲದಲ್ಲೂ ಇತ್ತು, ಕಂಪ್ಯೂಟರು ಯಾರ ಮನೆಯಲ್ಲೂ ಇರಲಿಲ್ಲ. ನಾನು ಆರನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಅಪ್ಪ ಅಥಣಿಯಿಂದ ಹಳೆಯದೊಂದನ್ನು ಟೆಂಪೋದಲ್ಲಿ, ಎರಡು ಗಾದಿಗಳ ನಡುವೆ ಇಟ್ಟುಕೊಂಡು ತಂದ. ಓಣಿಯ ಹುಡುಗಿಯರೆಲ್ಲ ಲಗೋರಿ ಬಿಟ್ಟು ಬಂದು ನಮ್ಮ ಬಾಗಿಲಲ್ಲಿ ನಿಂತರು. ಅವತ್ತಿನ ನನ್ನ ಡೌಲು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಡೌಲು ಸಂಜೆಯವರೆಗೂ ಉಳಿಯಲಿಲ್ಲ. ಕಾರಣ ನಮ್ಮ ಅಜ್ಜ. ಹಿಂದಿನ ವರ್ಷ ಊರ ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳ ಮುಂದೆ ಅಜ್ಜ ಎರಡು ನೇಮ ಹಿಡಿದಿದ್ದ. ಕದ್ದ ವಸ್ತು ಮನೆಯೊಳಗೆ ಬರಬಾರದು ಎಂಬುದು ಒಂದು. ಒಂದು ಸಾಕಾಗುವಲ್ಲಿ ಎರಡು ಇಟ್ಟುಕೊಳ್ಳಬಾರದು ಎಂಬುದು ಇನ್ನೊಂದು. ನೇಮ ಹಿಡಿದವನು ಅಜ್ಜ, ಅನುಭವಿಸಿದವರು ನಾವು.

ವಿಂಡೋಸನ್ನು ಅಂಗಡಿಯವನು ಪುಕ್ಕಟೆ ಹಾಕಿಕೊಟ್ಟ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಅಜ್ಜ ಕನ್ನಡಕ ಹಾಕಿಕೊಂಡ.

"ಅದು ಅಂಗಡ್ಯಾವಂದ ಏನು?"

"ಅವಂದಲ್ರಿ ಬಾಬಾ, ಕಂಪನೀದು."

"ಕಂಪನ್ಯಾವ್ರನ್ನ ಕೇಳ್ಯಾನ?"

"ಎಲ್ಲಾರೂ ಹಿಂಗ ಹಾಕ್ಕೊಂತಾರ್ರಿ."

"ಎಲ್ಲಾರ್ದು ಬಿಡು. ಕೇಳ್ಯಾನೋ ಇಲ್ಲೋ, ಅಷ್ಟ ಹೇಳು."

ಅಪ್ಪ ಹೊದಿಕೆಯ ಕಸೂತಿ ನೋಡತೊಡಗಿದ. ಅಜ್ಜ ಎದ್ದು ಕಂಪ್ಯೂಟರಿನ ಮೇಲೆ ಹೊದಿಕೆ ಎಳೆದ. ಹದಿನೈದು ದಿನ ಅದು ಹಾಗೇ ಕೂತಿತ್ತು. ಓಣಿಯ ಹುಡುಗಿಯರು ಮತ್ತೆ ಲಗೋರಿಗೆ ಹೋದರು.

ಆಗ ನಮ್ಮ ಮನೆಗೆ ವಿಂಡೋಸಿನ ಬದಲಿಗೆ ಹಾಕುವ ಲಿನಕ್ಸು ಬಂತು. ಒಂದಲ್ಲ, ಎರಡು ಬಗೆಯದು. ಕೇಳಿದವರಿಗೆಲ್ಲ ಉಬುಂಟುವಿನ ಡಿಸ್ಕನ್ನು ಅಂಚೆಯಲ್ಲಿ ಬಿಟ್ಟಿ ಕಳಿಸುತ್ತಿದ್ದ ದಿನಗಳವು. ಯಾರದೋ ಮಾತು ಕೇಳಿ ಅಪ್ಪನೂ ತರಿಸಿದ. ರಟ್ಟಿನ ಲಕೋಟೆ, ಮೇಲೆ ಪರದೇಶದ ಮುದ್ರೆ, ಅಪ್ಪನ ಹೆಸರು. ಅದೇ ವಾರ ಚಿಕ್ಕೋಡಿಯ ಡಿಪ್ಲೊಮಾ ಕಾಲೇಜಿನಲ್ಲಿ ಕಲಿಸುತ್ತಿದ್ದ ಕಾಕಾ ರಜೆಗೆ ಮನೆಗೆ ಬಂದ. ಅಪ್ಪನ ತಮ್ಮನಾದ ಅವನ ಚೀಲದಲ್ಲಿ ಒಂದು ಪತ್ರಿಕೆಯ ಜೊತೆ ಬಂದ ಫೆಡೋರಾದ ಡಿಸ್ಕು ಇತ್ತು. ಎರಡೂ ಕದ್ದದ್ದಲ್ಲ, ಮಾಡಿದವರೇ ಹಂಚಿದ್ದು ಎಂದು ಇಬ್ಬರೂ ಅಜ್ಜನಿಗೆ ಖಾತ್ರಿ ಕೊಟ್ಟರು. ಆಮೇಲೆ ಜಗಳಕ್ಕೆ ಕೂತರು.

ಆ ಜಗಳದ ಸೊಬಗನ್ನು ಏನು ಹೇಳಲಿ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ, ಆದರೆ ಯಾವುದರಲ್ಲಿ ಸಾಫ್ಟ್‌ವೇರು ಬೇಗ ಇಳಿಯುತ್ತದೆ ಎಂದು ವಾದ. ಕರೆಂಟು ದಿನಕ್ಕೆ ಆರು ತಾಸು, ಆದರೆ ಯಾವುದು ತಿಂಗಳುಗಟ್ಟಲೆ ನಿಲ್ಲದೆ ಓಡುತ್ತದೆ ಎಂದು ವಾದ. ಅವ್ವ ಭಕ್ಕರಿ ಬಡಿಯುತ್ತ ಬಡಿಯುತ್ತ ಕೇಳಿ ಕೇಳಿ ಸಾಕಾಗಿ, ಶೇಂಗಾಹಿಂಡಿಯ ಡಬ್ಬಿಯನ್ನು ಇಬ್ಬರ ನಡುವೆ ಕುಕ್ಕಿ ಹೋಗುತ್ತಿದ್ದಳು. ಕಡೆಗೆ ಕಾಕಾನೇ ಒಂದು ದಾರಿ ಹೇಳಿದ.

"ಎರಡೂ ಹಾಕೋಣ ದಾದಾ. ಚಾಲೂ ಮಾಡುವಾಗ ಯಾವ್ದು ಬೇಕಂತ ಅದ ಕೇಳತೈತಿ."

ಜಗತ್ತಿನ ಬೇರೆ ಯಾವ ಮನೆಯಲ್ಲಾದರೂ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಮ್ಮಲ್ಲಿ ಅಜ್ಜ ಜಪದ ಮಣಿ ನಿಲ್ಲಿಸಿ, "ಒಂದರಾಗ ಕೆಲಸಾ ಆಗತೈತಿ ಏನು?" ಎಂದು ಕೇಳಿದ. ಆಗುತ್ತದೆ ಎಂದು ಕಾಕಾ ಒಪ್ಪಿಕೊಳ್ಳಬೇಕಾಯಿತು. "ಮತ್ತ ಎರಡ ಯಾಕ? ಎಂಟೆಂಟ ದಿನ ನೋಡ್ರಿ. ಒಂದ ಇಟ್ಕೋರಿ, ಒಂದ ಬಿಡ್ರಿ." ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವಿಗೂ ಪರಿಗ್ರಹದ, ಎಂದರೆ ಹೆಚ್ಚಿಗೆ ಇಟ್ಟುಕೊಳ್ಳಬಾರದೆಂಬ ನೇಮ ತಗಲುತ್ತದೆಯೇ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ಎಂಟು ದಿನ ಅಪ್ಪನ ಉಬುಂಟು. ಅದನ್ನು ನಿಜವಾಗಿ ಬಳಸಿದವಳು ಮನೆಯಲ್ಲಿ ನಾನೊಬ್ಬಳೇ. ನಮ್ಮ ಆಯಿಗೆ, ಎಂದರೆ ಅಜ್ಜಿಗೆ, ಬೀಸುವಾಗ ಹಾಡುವ ಪದಗಳು ಬರುತ್ತಿದ್ದವು. ಅವಳ ತವರು ಗಡಿಯಾಚೆ. ಒಂದು ಸಾಲು ಮರಾಠಿ, ಒಂದು ಸಾಲು ಕನ್ನಡ. ಬರೆಯಲು ಅವಳಿಗೆ ಬರುತ್ತಿರಲಿಲ್ಲ, ಬೀಸುಕಲ್ಲು ಮೂಲೆಗೆ ಸೇರಿ ವರ್ಷಗಳಾಗಿದ್ದವು.

"ಒಂದೊಂದ ಮರಿಯಾಕತ್ತೇನಿ ಬಾಳಾ. ನಿನ್ನ ಪೆಟಗ್ಯಾಗರ ಇಟ್ಕೋ," ಎಂದಳು. ಅವಳ ಮರಾಠಿಯಲ್ಲಿ ಬಾಳಾ ಎಂದರೆ ಮಗು.

ಹುಣಸೆಹಣ್ಣು ಬಿಡಿಸುತ್ತ ಅವಳು ಹೇಳುವಳು, ಒಂದೊಂದೇ ಅಕ್ಷರ ಹುಡುಕಿ ನಾನು ಒತ್ತುವೆ. ಅವಳ ಬೆರಳಿನ ಹುಣಸೆಯ ವಾಸನೆ, ಕಿಟಕಿಯಿಂದ ಬರುವ ಸಕ್ಕರೆ ಕಾರ್ಖಾನೆಯ ಹುಳಿ ವಾಸನೆ ಎರಡೂ ಸೇರಿ ನನ್ನ ಮಟ್ಟಿಗೆ ಅದೇ ಕಂಪ್ಯೂಟರಿನ ವಾಸನೆ. ಎಂಟು ದಿನಕ್ಕೆ ಮೂವತ್ತೊಂದು ಪದ ಆದವು. ಕಾಗವಾಡದಲ್ಲಿ ಮುದ್ರಿಸಿ, ದಾರ ಹಾಕಿ ಹೊಲಿದು ಆಯಿಯ ಕೈಗೆ ಪುಸ್ತಕ ಕೊಡಬೇಕೆಂಬುದು ನನ್ನ ಆಸೆ. ವಹಿಯಲ್ಲಿ ಬರೆದಿಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಕಂಪ್ಯೂಟರು ಇರುವ ಮನೆಯ ಹುಡುಗಿ ವಹಿಯಲ್ಲಿ ಬರೆಯುವುದೇ? ಅಷ್ಟು ಬುದ್ಧಿವಂತೆ ನಾನು.

ಒಂಬತ್ತನೆಯ ದಿನ ನಾನು ಹೊಲದಿಂದ ಬರುವಷ್ಟರಲ್ಲಿ ಉಬುಂಟುವಿನ ಕಂದು ಬಣ್ಣದ ಪರದೆ ಹೋಗಿ ನೀಲಿ ಬಂದಿತ್ತು. ಕಾಕಾ ಸರದಿ ಬಂತೆಂದು ಹಳೆಯದನ್ನೆಲ್ಲ ಅಳಿಸಿ ಫೆಡೋರಾ ಹಾಕಿದ್ದ.

"ನನ್ನ ಪದ ಎಲ್ಲಿ ಕಾಕಾ?"

"ಎಂಥಾ ಪದ?"

ನಾನು ಅತ್ತ ಅಳುವಿಗೆ ಅವನ ಮುಖ ಸಣ್ಣದಾಯಿತು. ಮತ್ತೆ ಬರೆ, ಈ ಸಲ ಎಲ್ಲ ಮುಗಿದ ಮೇಲೆ ಸೀಡಿಗೆ ಹಾಕಿಕೊಡುತ್ತೇನೆ ಎಂದ. ಮತ್ತೆ ಆಯಿಯ ಹತ್ತಿರ ಹೋಗಿ ಕೂತೆ.

"ಅಣ್ಣ ಗಾಡಿ ಕಟ್ಕೊಂಡ ಕರಿಯಾಕ ಬರೋದು, ಅದನ್ನ ಹೇಳ ಆಯಿ."

"ಅದನ್ನ ಹೇಳಿದ್ನ್ಯಾ? ಮುಂದ ಏನಿತ್ತು ಬಾಳಾ ಅದ್ರಾಗ?"

ನನಗೆ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿದೆ ಎಂದು ನಾನು ಒಂದನ್ನೂ ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಎರಡನೆಯ ಸಲ ಹತ್ತೊಂಬತ್ತಕ್ಕೆ ನಿಂತಿತು.

ಅಷ್ಟರಲ್ಲಿ ಅಪ್ಪ ತಕರಾರು ತೆಗೆದ. ತನ್ನ ಎಂಟು ದಿನಗಳಲ್ಲಿ ಎರಡು ದಿನ ಕರೆಂಟೇ ಇರಲಿಲ್ಲ, ಆದ್ದರಿಂದ ಉಬುಂಟುವಿಗೆ ಇನ್ನೂ ಎರಡು ದಿನ ಸಿಗಬೇಕು. ಅದು ನ್ಯಾಯವೇ ಸರಿ ಎಂದು ಕಾಕಾನೂ ಒಪ್ಪಿದ. ಡಿಸ್ಕು ಹಿಡಿದುಕೊಂಡು ಬಂದ ಅಪ್ಪನಿಗೆ ಅಡ್ಡವಾಗಿ ನಾನು ಕಂಪ್ಯೂಟರನ್ನು ತಬ್ಬಿಕೊಂಡು ಕೂತೆ. ಮೊದಲು ಸೀಡಿಗೆ ಹಾಕಿಕೊಡಿ ಎಂದರೆ ಅಪ್ಪ ಕಾಕಾನ ಕಡೆ ತೋರಿಸಿದ, ಖಾಲಿ ಸೀಡಿ ಚಿಕ್ಕೋಡಿಯಲ್ಲಿದೆ ಎಂದು ಕಾಕಾ. ಇಬ್ಬರು ಕಲಿತ ಗಂಡಸರು, ಎರಡು ಲಿನಕ್ಸು, ಒಂದು ಖಾಲಿ ಸೀಡಿಗೆ ಗತಿಯಿಲ್ಲ.

ಗದ್ದಲ ಕೇಳಿ ಅಜ್ಜ ಅವತ್ತೇ ಪಂಚಾಯಿತಿ ಸೇರಿಸಿದ. ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಆಗಿತ್ತು. ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಅಪ್ಪ ಉಬುಂಟು ಎಂದ, ಕಾಕಾ ಫೆಡೋರಾ ಎಂದ. ಯಾವುದಾದರೂ ಒಂದು ಹಾಕಿ ಬಾಯಿ ಮುಚ್ಚಿರಿ ಎಂದು ಅವ್ವ. ಆಯಿ ನಕ್ಕಳು. ಅಜ್ಜ ನನ್ನ ಕಡೆ ತಿರುಗಿದ.

"ನೀ ಹೇಳವಾ. ಬಳಸಾಕಿ ನೀನ ಅಲಾ. ಯಾವ್ದ ಇರ್ಲಿ?"

ಇಡೀ ಬೇಸಿಗೆಯಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು. ಹತ್ತೊಂಬತ್ತು ಪದ ಉಳಿಸಿಕೊಡಿ ಎಂದಿದ್ದರೆ ಸಾಕಿತ್ತು. ಆದರೆ ಸಿಟ್ಟು ಗಂಟಲವರೆಗೆ ಬಂದಿತ್ತು.

"ನನಗ ಎರಡೂ ಬ್ಯಾಡ. ಈ ಕಂಪ್ಯೂಟರ ಬ್ಯಾಡ."

ಹೇಳಿದ ಮರುಕ್ಷಣವೇ ಎಂಥ ತಪ್ಪು ಮಾಡಿದೆನೆಂದು ಹೊಳೆಯಿತು. ಯಾಕೆಂದರೆ ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಬೇಡ ಎಂದು ಬಾಯಿಬಿಟ್ಟು ಹೇಳಿದ್ದು ತ್ಯಾಗ. ಸಿಟ್ಟಿನಲ್ಲಿ ಹೇಳಿದರೂ ತ್ಯಾಗವೇ. ಕಾಕಾ ಹತ್ತು ವರ್ಷದವನಿದ್ದಾಗ ತನಗೆ ಅವಲಕ್ಕಿ ಕೊಡಲಿಲ್ಲವೆಂದು ಮುನಿಸಿಕೊಂಡು, ಇನ್ನು ನನಗೆ ಚಹಾ ಬೇಡ ಎಂದಿದ್ದನಂತೆ. ಮೀಸೆ ಬಂದು ಮೇಷ್ಟರಾದರೂ ಅವನಿಗೆ ನಮ್ಮ ಮನೆಯಲ್ಲಿ ಇನ್ನೂ ಹಾಲೇ.

ಅಜ್ಜನ ಕಣ್ಣು ತುಂಬಿತ್ತು. "ದೊಡ್ಡವ್ರ ಕೈಲೆ ಆಗಲಿಲ್ಲ, ನಮ್ಮ ಕೂಸ ಬಿಟ್ಟಿತು," ಎಂದು ಎರಡೂ ಕೈ ಜೋಡಿಸಿದ. ನನಗೆ. ನನ್ನ ಅಜ್ಜ ನನಗೆ ಕೈಮುಗಿದು ಕೂತಿರುವಾಗ, ಇಲ್ಲ, ನನಗೆ ಬೇಕು ಎಂದು ಹೇಗೆ ಹೇಳಲಿ.

ಮರುದಿನವೇ ಕಂಪ್ಯೂಟರನ್ನು ಊರ ಶಾಲೆಗೆ ದಾನ ಕೊಡುವುದೆಂದಾಯಿತು. ದಾನ ಕೊಡುವ ವಸ್ತುವಿನಲ್ಲಿ ಮನೆಯ ಕಸ ಇರಬಾರದೆಂದು ಅಪ್ಪ ಕಾಕಾ ಇಬ್ಬರೂ ಕೂಡಿ ಒಳಗಿದ್ದುದನ್ನೆಲ್ಲ, ನನ್ನ ಹತ್ತೊಂಬತ್ತು ಪದಗಳನ್ನೂ ಸೇರಿಸಿ, ಅಳಿಸಿ ಅದನ್ನು ಪೂರ್ತಿ ತೊಳೆದರು. ನನಗೆ ಏಳುವ ಮನಸ್ಸೇ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ವಸ್ತು ಈಗ ನಮ್ಮದಲ್ಲ, ಆದ್ದರಿಂದ ಅಜ್ಜನ ನೇಮವೂ ಅದಕ್ಕೆ ತಗಲುವುದಿಲ್ಲ ಎಂದು ಆಗ ಅವರಿಗೆ ಹೊಳೆಯಿತಂತೆ. ಶಾಲೆಯ ಕಂಪ್ಯೂಟರಿಗೆ ಉಬುಂಟುವನ್ನೂ ಹಾಕಿದರು, ಫೆಡೋರಾವನ್ನೂ ಹಾಕಿದರು. ಅಣ್ಣ ತಮ್ಮ ಒಂದೇ ತಾಟಿನಲ್ಲಿ ಚುರುಮರಿ ತಿಂದರು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಮೈ ಉರಿಯುತ್ತದೆ.

"ಹೋಗ್ಲಿ ಬಿಡ ಬಾಳಾ. ವಹಿ ತಗೊಂಬಾ, ಉಳದದ್ದ ಹೇಳತೇನಿ," ಎಂದು ಆಯಿ ನಾಲ್ಕು ದಿನ ಕರೆದಳು. ನಾನು ಹೋಗಲಿಲ್ಲ. ಯಾರ ಮೇಲಿನ ಸಿಟ್ಟನ್ನೋ ಅವಳ ಮೇಲೆ ತೀರಿಸಿಕೊಂಡೆ. ಐದನೆಯ ದಿನ ಅವಳೂ ಕರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಪದಗಳು ಹೋಗಿ ಬರೀ ಧಾಟಿ ಉಳಿದಿತ್ತು. ಮುಂದಿನ ಚಳಿಗಾಲಕ್ಕೆ ಆಯಿಯೇ ಹೋದಳು. ಕೆಲ ವರ್ಷಗಳಲ್ಲಿ ಅಜ್ಜನೂ ಹೋದ. ಮಗುವಿನ ಬಾಯಿಂದ ಬಂದ ಮಾತನ್ನು ಅಷ್ಟು ನಂಬುವ ಇನ್ನೊಬ್ಬ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಅವನನ್ನು ಬೈಯಲು ಹೊರಟರೆ ಅಲ್ಲಿಗೇ ಬಂದು ನಿಲ್ಲುತ್ತೇನೆ.

ಈಗ ನಾನು ನಿಪ್ಪಾಣಿಯಲ್ಲಿ ಕನ್ನಡ ಶಾಲೆಯ ಬಾಯಿ, ಎಂದರೆ ಶಿಕ್ಷಕಿ. ಮನೆಯ ಕಂಪ್ಯೂಟರಿನಲ್ಲಿ ಎರಡೂ ಇವೆ. ಚಾಲೂ ಮಾಡಿದಾಗ ಯಾವುದು ಬೇಕೆಂದು ಕೇಳುತ್ತದೆ. ಬೇಡ ಎನ್ನುವವರು ಯಾರೂ ಇಲ್ಲ. ಎರಡರಲ್ಲೂ ಆಯಿಯ ಹೆಸರಿನ ಒಂದು ಕಡತ ಇಟ್ಟಿದ್ದೇನೆ, ಎರಡರಲ್ಲೂ ಇರುವುದು ಎರಡನೆಯ ಸಲ ಬರೆದವುಗಳಲ್ಲಿ ನನಗೆ ನೆನಪುಳಿದ ಅವೇ ಎರಡು ಪದ. ಮೂರನೆಯದರ ಮೊದಲ ಸಾಲು ಬರೆದು ಬಿಟ್ಟಿದ್ದೇನೆ. ಅಣ್ಣ ಗಾಡಿ ಕಟ್ಟಿಕೊಂಡು ಕರೆಯಲು ಬರುತ್ತಾನೆ. ಮುಂದೇನಿತ್ತು ಎಂದು ನನ್ನನ್ನು ಕೇಳಿದವಳೂ ಈಗ ಇಲ್ಲ.