ಹತ್ತರ ಎಣಿಕೆ

ತುಂಡಾದ ರೇಷ್ಮೆ ಎಳೆಗೆ ಗಂಟು ಹಾಕುವಾಗ ಕೊಳ್ಳೇಗಾಲದ ಹೊನ್ನಯ್ಯ ಉಸಿರು ಬಿಡುತ್ತಿರಲಿಲ್ಲ. ಬಿಟ್ಟರೆ ಎಳೆ ಹಾರಿಹೋಗುತ್ತದೆ. ಮೂವತ್ತು ವರ್ಷ ಮಗ್ಗದಲ್ಲಿ ಕೂತವನು, ನಾಲ್ಕೈದು ಎಳೆಗಳನ್ನು ಒಂದೇ ಉಸಿರಿನಲ್ಲಿ ಸೇರಿಸಬಲ್ಲವನಾಗಿದ್ದ.

೧೯೯೩ರಲ್ಲಿ ಅವನ ಹೆಂಡತಿ ಸರಸ್ವತಮ್ಮನಿಗೆ ಗಂಟಲಲ್ಲಿ ಗಡ್ಡೆ ಬೆಳೆಯಿತು. ಮೈಸೂರಿನ ಡಾಕ್ಟರು ಕತ್ತಿನಲ್ಲಿ ತೂತು ಮಾಡಿ, ಉಸಿರಾಟಕ್ಕೊಂದು ಕೊಳವೆ ಕೂರಿಸಿದರು. ಅಂದಿಗೆ ಅವಳ ಮಾತು ನಿಂತಿತು. ಕೊಳವೆಯಲ್ಲಿ ಕಫ ಕಟ್ಟಿದಾಗಲೆಲ್ಲ ಸಣ್ಣ ರಬ್ಬರ್ ಟ್ಯೂಬು ಇಳಿಸಿ ಹೀರಿ ತೆಗೆಯಬೇಕು. ಇಲ್ಲವಾದರೆ ಜೀವಕ್ಕೇ ಅಪಾಯ. ನರ್ಸು ಪುಷ್ಪ ಕಾಲಲ್ಲಿ ತುಳಿಯುವ ಹಳೆಯ ಪಂಪೊಂದನ್ನು ಕೊಡಿಸಿ, ಮನೆಗೇ ಬಂದು ಕಲಿಸಿದಳು.

“ಕೈ ಸೋಪಾಕಿ ತೊಳ್ಕಳಿ. ಟ್ಯೂಬ್ನ ಕುದ್ಸಿ ತಕಳಿ. ಇಳ್ಸುವಾಗ ಮಡಚಿ ಇಡ್ಕಳಿ, ಎಳ್ಯುವಾಗ ಬುಡಿ. ಅಲ್ಲೀಗಂಟ ನಿಮ್ಮುಸ್ರೂ ಇಡ್ಕಂಡಿರಿ. ನಿಮ್ಗೆ ತಡ್ಯಕಾಗ್ದಿದ್ರೆ ಅಮ್ಮಂಗೂ ಆಗಲ್ಲ, ಆಚ್ಗೆ ತೆಗೀರಿ.”

ಹೊನ್ನಯ್ಯ ಉಸಿರು ಹಿಡಿದ. ಮಗ್ಗ ತುಳಿದ ಕಾಲು ಪಂಪನ್ನೂ ಹದವಾಗಿ ತುಳಿಯಿತು. ಆದರೆ ತಡೆಯಲಾಗದ ಹೊತ್ತು ಮಾತ್ರ ಅವನಿಗೆ ಬರಲೇ ಇಲ್ಲ. ಸರಸ್ವತಮ್ಮನ ತುಟಿ ನೀಲಿಗಟ್ಟಿತು. ಪುಷ್ಪ ಅವನ ಕೈಯಿಂದ ಟ್ಯೂಬು ಕಿತ್ತುಕೊಂಡಳು.

“ಏನ್ರೀ ಹೊನ್ನಯ್ಯೋರೇ, ಬಾವೀಲಿ ಬಿಂದ್ಗೆ ಉಡುಕ್ತಿದ್ದೀರಾ? ನಿಮ್ಮುಸ್ರು ನೆಚ್ಕಂಡ್ರೆ ಆಗಾಕಿಲ್ಲ. ಹತ್ತು ಎಣ್ಸಿ, ಅಷ್ಟೇಯ!”

ಅಂದಿನಿಂದ ಎಣಿಸುವ ಕೆಲಸವನ್ನು ಸರಸ್ವತಮ್ಮನೇ ವಹಿಸಿಕೊಂಡಳು. ಗಂಡನ ಮಂಡಿಯ ಮೇಲೆ ಬೆರಳಿನಿಂದ ತಟ್ಟುತ್ತ ಹೋಗಿ, ಹತ್ತಾದ ಕೂಡಲೇ ಚಿವುಟುತ್ತಿದ್ದಳು.

“ಮಾತಿದ್ದಾಗ್ಲೇ ವಾಸಿ ಕಣಮ್ಮಿ, ಬರೀ ಬಯ್ತಿದ್ದೆ,” ಎಂದು ಅವನು ಮಂಡಿ ಉಜ್ಜಿಕೊಂಡರೆ, ಅವಳು ಸದ್ದಿಲ್ಲದೆ ನಗುವಳು.

ಹನ್ನೊಂದು ತಿಂಗಳು ಹೀಗೇ ನಡೆಯಿತು. ನೇಯುತ್ತ ನೇಯುತ್ತಲೇ ಲಾಳಿ ನಿಲ್ಲಿಸಿ, ಒಳಕೋಣೆಯಿಂದ ಗೊರಗೊರ ಸದ್ದು ಬರುತ್ತಿದೆಯೇ ಎಂದು ಹೊನ್ನಯ್ಯ ಕಿವಿಗೊಡುತ್ತಿದ್ದ. ಅಷ್ಟರಲ್ಲಿ ಗಡ್ಡೆ ಇನ್ನಷ್ಟು ಬೆಳೆದಿತ್ತು, ಡಾಕ್ಟರು ಕೈಚೆಲ್ಲಿದ್ದರು.

ಕಾರ್ತಿಕ ಮಾಸದ ಒಂದು ಬೆಳಗ್ಗೆ ಎಂದಿನಂತೆ ಟ್ಯೂಬು ಇಳಿಸಿದ. ಮಂಡಿಯ ಮೇಲೆ ಬೆರಳು ತಟ್ಟತೊಡಗಿತು. ಆರಕ್ಕೆ ನಿಂತಿತು.

“ಯಾಕಮ್ಮಿ, ಮರ್ತೋಯ್ತಾ?”

ತಟಕ್ಕನೆ ಟ್ಯೂಬು ಹೊರಗೆಳೆದ. ಅದರಲ್ಲಿ ಕಫದ ಗುರುತೂ ಇರಲಿಲ್ಲ. ದಾರಿ ಸ್ವಚ್ಛವಾಗಿತ್ತು, ಓಡಾಡುವ ಉಸಿರೇ ಇರಲಿಲ್ಲ.

ಮಗಳು ದೀಪ ಕರೆದದ್ದಕ್ಕೆ ಓಡಿ ಬಂದ ಪುಷ್ಪ ನಾಡಿ ನೋಡಿ, “ಕಾಯ್ಲೇನೇ ಅಮ್ಮನ್ನ ತಕಂಡೋಯ್ತು ಕಣ್ರಿ, ನಿಮ್ ಕೈದೇನೂ ತೆಪ್ಪಿಲ್ಲ,” ಎಂದಳು. ಹೊನ್ನಯ್ಯ ಕೇಳಿದ್ದು ಒಂದೇ:

“ಆರಕ್ಕೇ ತೆಗ್ದುಬುಡ್ಬೇಕಿತ್ತಾ, ಸಿಸ್ಟ್ರೇ?”

ತಿಂಗಳು ಕಳೆದು ಮತ್ತೆ ಮಗ್ಗಕ್ಕೆ ಕೂತ. ಎಳೆಯೊಂದು ತುಂಡಾಯಿತು. ಎರಡು ತುದಿ ಹಿಡಿದು ಉಸಿರು ಬಿಗಿಹಿಡಿದ. ಮನಸ್ಸು ಎಣಿಸತೊಡಗಿತು. ಆರು ಬರುತ್ತಲೇ ಉಸಿರು ತಾನಾಗಿ ಹೊರಬಿತ್ತು, ಎಳೆ ಹಾರಿತು. ಮತ್ತೆ ಹಿಡಿದ, ಮತ್ತೆ ಹಾರಿತು.

ದೀಪ ಪಕ್ಕಕ್ಕೆ ಬಂದು ಬಗ್ಗಿ ಗಂಟು ಹಾಕಿದಳು. ಆಮೇಲೆ ಆ ಮಗ್ಗದಲ್ಲಿ ಎಳೆ ಸೇರಿಸುವ ಕೆಲಸ ಅವಳದೇ ಆಯಿತು.