ಪಕ್ಕದ ಮನೆಯ ವಿಳಾಸ, ನಾಗಪುರದ ಮೂಲಕ

ಹುಬ್ಬಳ್ಳಿಯವರೇ, ಇದನ್ನು ನೀವು ನಂಬುವುದಿಲ್ಲ. ನಿಮ್ಮ ಫ್ರಿಜ್ ಕೆಟ್ಟಾಗ ನೀವು ಫೋನಿನಲ್ಲಿ ಬೈಯುವುದು ನಮ್ಮ ಅವ್ವನನ್ನು. ಅದೂ ನಾಗಪುರದಲ್ಲಿ ಕೂತಿರುವ ಅವ್ವನನ್ನು!

ಕಂಪನಿ ಪರದೇಶದ್ದು. ಅಲ್ಲಿನ ಸಾಹೇಬರು ಭಾರತದ ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆ ಕೂಡಿದ ಕಡೆ ಬೆರಳಿಟ್ಟರು ಎಂಬುದು ನನ್ನ ಸಂಶೋಧನೆ. ಹುಬ್ಬಳ್ಳಿಯ ಕನ್ನಡ ಕಾಲ್ ಸೆಂಟರ್‌ಗೆ ಬೀಗ ಜಡಿದು, ಎಲ್ಲ ಭಾಷೆಗಳನ್ನೂ ಇಲ್ಲಿ ತಂದು ಗುಡ್ಡೆ ಹಾಕಿದರು. ಬಿಲ್ಲು ಮಾತ್ರ ಮನಿಲಾದಲ್ಲಿ; ಮೆಕ್ಯಾನಿಕ್ ಕಳಿಸಲು ಒಪ್ಪಿಗೆ ಪೋಲೆಂಡಿನಿಂದ. ನಿಮ್ಮ ದೂರು ನೋಡಿದಷ್ಟು ದೇಶ ನಿಮ್ಮ ವಂಶದಲ್ಲಿ ಯಾರೂ ನೋಡಿಲ್ಲ.

ನನ್ನ ಪಾಡು ಕೇಳಿ. ಅವ್ವನ ಜೊತೆ ನಾನೂ ನಾಗಪುರಕ್ಕೆ ಬಂದೆ. ಇಲ್ಲಿ ಧರಮಪೇಠದ ನಮ್ಮ ಬಾಡಿಗೆ ಮನೆಯ ಒಡತಿ, ಎಲ್ಲರೂ ‘ಕಾಕು’ ಎನ್ನುವ ಚಿಕ್ಕಮ್ಮ, ಮೊದಲ ದಿನವೇ “ಕಾಯ್? ಕಾಯ್?” ಎಂದರು. ಓಡಿಹೋಗಿ ಎರಡು ತೆಂಗಿನಕಾಯಿ ತಂದುಕೊಟ್ಟೆ. ಮರಾಠಿಯಲ್ಲಿ ಅದು ‘ಏನು?’ ಅಂತೆ! ಅಂದಿನಿಂದ ಇಡೀ ಗಲ್ಲಿಗೆ ನಾನು ‘ನಾರಳ’, ಅಂದರೆ ತೆಂಗಿನಕಾಯಿ. ಹುಬ್ಬಳ್ಳಿಯಲ್ಲಿ ಸಂಜೆಯಾದರೆ ಮಂಡಕ್ಕಿ ಗಿರ್ಮಿಟ್; ಇಲ್ಲಿ ಬೆಳಗಾದರೆ ತರ್ರಿ ಪೋಹೆ, ಅವಲಕ್ಕಿಯನ್ನು ಖಾರದ ರಸದಲ್ಲಿ ಮುಳುಗಿಸಿ ಕೊಲ್ಲುವ ಪದ್ಧತಿ. ಮೊದಲ ಸಲ ಕಿವಿಯಿಂದ ಹೊಗೆ ಬಂತು. ಈಗ ಎರಡು ಪ್ಲೇಟ್ ತಿನ್ನುತ್ತೇನೆ, ಯಾರಿಗೂ ಹೇಳಬೇಡಿ.

ಶನಿವಾರ ಅವ್ವನಿಗೆ ಮನೆಯಿಂದಲೇ ಕೆಲಸ. ಮೊನ್ನೆ ಹೆಡ್‌ಫೋನ್ ಸೀಳಿಕೊಂಡು ಒಂದು ದನಿ ಹೊರಬಂತು. ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಗಂಗಕ್ಕ!

“ನಿಮ್ಮ ವಿಳಾಸ ಹೇಳಿ ಮೇಡಂ,” ಎಂದಳು ಅವ್ವ. ಕಾಲ್ ರೆಕಾರ್ಡ್ ಆಗುತ್ತದೆ, ಪರಿಚಯ ತೋರಿಸುವಂತಿಲ್ಲ.

“ಯವ್ವಾ ಸುಮಾ, ನಿನ್ನ ಬಾಜೂ ಮನಿ ಅಲ್ಲೇನ! ನನಗ ವಿಳಾಸ ಕೇಳ್ತೀಯಲ್ಲ?”

“ಹತ್ತಿರದ ಗುರುತು ಏನಾದರೂ ಇದೆಯೇ ಮೇಡಂ?”

“ಐತಿ. ನೀ ಕೀಲಿ ಹಾಕಿ ಹೋದ ಮನಿ.”

ಅವ್ವ ಅದನ್ನೇ ಟೈಪ್ ಮಾಡಿಕೊಂಡಳು.

ಗೋಡೆಯಾಚೆಯಿಂದ ಕೂಗಿದರೆ ಮುಗಿಯುವ ಮಾತಿಗೆ ಇಷ್ಟು ಸುತ್ತೇ? ನನಗೆ ತಲೆ ಕೆಟ್ಟಿತು. ಅದಕ್ಕೇ ಈ ಉಪಾಯ. ಕಾಲ್ ಮುಗಿದ ಮೇಲೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಾರಲ್ಲ, ನೀವೆಲ್ಲ ಒಂದನ್ನೇ ಒತ್ತಿ. ನಾಗಪುರದ ಕನ್ನಡ ನಾಲಾಯಕ್ಕು ಎಂದುಕೊಂಡು ಸಾಹೇಬರು ಕೆಲಸವನ್ನು ಹುಬ್ಬಳ್ಳಿಗೆ ವಾಪಸ್ ಕಳಿಸುತ್ತಾರೆ, ನಾವೂ ಆ ಕೀಲಿ ತೆಗೆಯುತ್ತೇವೆ. ಕಣ್ಣು ಮುಚ್ಚಿಕೊಂಡು ಒಂದು—

ಅವ್ವ ಬಂದಳು. ಹಿಂದೆ ನಿಂತು ಪೂರ್ತಿ ಓದಿದಳು.

“ಭಾಳ ಶಾಣ್ಯಾ ಅದೀ. ಒಂದು ಒತ್ತಿದ್ರ ಕೆಲಸ ಹುಬ್ಬಳ್ಳಿಗೆ ಹೋಗೂದಿಲ್ಲ, ಮಾತಾಡೂ ಮಷೀನಿಗೆ ಹೋಗತೈತಿ. ನಾ ಕೆಲಸ ಇಲ್ದ ಮನ್ಯಾಗ ಕೂಡ್ತೀನಿ. ನಿನ್ನ ಎರಡು ಪ್ಲೇಟ್ ಯಾರ ತರ್ತಾರ?”

ನನ್ನ ಬಾಯಿಂದ ಹೊರಟದ್ದು, “ಕಾಯ್?”

“ತೆಂಗಿನಕಾಯಿ. ಮೊದಲ ಆ ಒಂದನ್ನ ತಿದ್ದು.”

ಹುಬ್ಬಳ್ಳಿಯವರೇ, ಐದು ಒತ್ತಿ.